ನಾನು ಎತ್ತಿಸಿದ ಸೀಟುಗಳು

ಒಂಬತ್ತು ವರ್ಷ ದುಡಿದು ಕೆಲಸ ಬಿಟ್ಟಾಗ ನನಗೆ ಮೂವತ್ತಮೂರು. ಬೀಳ್ಕೊಡುಗೆಗೆಂದು ಆಸ್ಪತ್ರೆಯವರು ಬ್ಯಾನರ್ ಮಾಡಿಸಿದ್ದರು. ಬ್ಯಾನರ್ ಅಂಗಡಿಯವರ ಕಂಪ್ಯೂಟರಿನಲ್ಲಿ ಅದಕ್ಕೆ ಇದ್ದದ್ದು ಒಂದೇ ನಮೂನೆ. ಹಾಗಾಗಿ ನನ್ನ ಹೆಸರಿನ ಕೆಳಗೆ ‘ವಯೋನಿವೃತ್ತಿ ಹೊಂದುತ್ತಿರುವ ಶುಭ ಸಂದರ್ಭದಲ್ಲಿ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಭಾಷಣ ಮಾಡಿದವರೊಬ್ಬರು ‘ಇನ್ನು ಮೊಮ್ಮಕ್ಕಳ ಜೊತೆ ನೆಮ್ಮದಿಯಾಗಿರಲಿ’ ಎಂದು ಹೇಳಿ, ನನ್ನ ಮುಖ ನೋಡಿ, ‘ಮುಂದೆ ಎಂದಾದರೂ’ ಎಂದು ಸೇರಿಸಿದರು. ಕೆಲಸ ಯಾಕೆ ಬಿಟ್ಟೆ ಎಂಬುದು ನನ್ನ ಸ್ವಂತ ವಿಷಯ. ಅದನ್ನು ಇಲ್ಲಿ ಬರೆಯುವುದಿಲ್ಲ.

ಬರೆಯುತ್ತಿರುವುದು ನನ್ನ ಜಾಗಕ್ಕೆ ಬಂದಿರುವ ಇಬ್ಬರಿಗಾಗಿ, ಮತ್ತು ಅವರಂತೆ ಆಗತಾನೆ ಫಿಸಿಯೋಥೆರಪಿ ಓದಿ ಸಣ್ಣ ಊರುಗಳ ಕಡೆ ಹೊರಟಿರುವವರಿಗಾಗಿ. ಸಾಮಾನುಗಳ ಪಟ್ಟಿಯನ್ನು ನಾನು ಅವರಿಗೆ ಒಪ್ಪಿಸಿಯಾಗಿದೆ. ಪಟ್ಟಿಯಲ್ಲಿ ಹಿಡಿಸದೆ ಉಳಿದದ್ದು ಇದು.

ನಮ್ಮದು ಕೋಲಾರದ ಒಂದು ಸಣ್ಣ ಮೂಳೆ ಆಸ್ಪತ್ರೆ. ಸೋಮವಾರ ಮಾಲೂರು, ಮಂಗಳವಾರ ಮುಳಬಾಗಿಲು, ಬುಧವಾರ ನರಸಾಪುರ, ಗುರುವಾರ ಶ್ರೀನಿವಾಸಪುರದಲ್ಲಿ ಕ್ಯಾಂಪು. ಉಳಿದ ದಿನ ಕೋಲಾರದಲ್ಲೇ. ನನ್ನ ಮೇಲಿನವರು ಡಾಕ್ಟರ್ ಶ್ರೀಪತಿ. ಕೈ ಚುರುಕು, ಮನಸ್ಸು ಒಳ್ಳೆಯದು, ಕಿವಿ ಮಾತ್ರ ತೆರೆದಿರುವುದು ಕಡಿಮೆ. ಸೈಕಲ್ ವಿಷಯದಲ್ಲಿ ಅವರ ಬಳಿ ಎರಡೇ ಎರಡು ಸಲಹೆಗಳಿದ್ದವು. ಸೈಕಲ್ ತುಳಿಯದವರು ಬಂದರೆ, ‘ದಿನಾ ಸೈಕಲ್ ಹೊಡೀರಿ.’ ಸೈಕಲ್ ತುಳಿಯುವವರು ಬಂದರೆ, ‘ಮೊದಲು ಆ ಸೈಕಲ್ ಬಿಡಿ.’ ಒಂಬತ್ತು ವರ್ಷದಲ್ಲಿ ಈ ಎರಡರ ನಡುವೆ ಮೂರನೆಯದೊಂದನ್ನು ಅವರ ಬಾಯಿಂದ ನಾನು ಕೇಳಿದ್ದು ಒಂದೇ ಸಲ. ಅದಕ್ಕೆ ಆಮೇಲೆ ಬರುತ್ತೇನೆ.

ಆಸ್ಪತ್ರೆಯ ಮೂಲೆಯಲ್ಲಿ ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್ ಒಂದಿತ್ತು. ಬೆಳಗಿನ ಹೊತ್ತು ಅದರ ಹ್ಯಾಂಡಲಿಗೆ ಎಲ್ಲರೂ ಊಟದ ಬ್ಯಾಗು ನೇತುಹಾಕುತ್ತಿದ್ದರು. ನಾನು ಸೇರಿದ ಮೊದಲ ತಿಂಗಳಲ್ಲಿ ಸುಗಟೂರಿನ ಒಬ್ಬ ಹಿರಿಯರು ಬಂದರು. ಡೈರಿಗೆ ಹಾಲು ಹಾಕಿ, ಅದೇ ಸೈಕಲ್ಲಿನಲ್ಲಿ ನೇರ ಕೋಲಾರಕ್ಕೆ ತುಳಿದುಕೊಂಡು ಬಂದಿದ್ದರು. ಸೊಂಟ ನೋವು. ಪುಸ್ತಕದಲ್ಲಿದ್ದಂತೆ ನಾನು ಅವರನ್ನು ಬ್ಯಾಗುಗಳ ನಡುವೆ ಆ ಸೈಕಲ್ಲಿಗೆ ಹತ್ತಿಸಿ ಇಪ್ಪತ್ತು ನಿಮಿಷ ತುಳಿಯಲು ಹೇಳಿದೆ. ಅವರು ಮರುಮಾತಾಡದೆ ತುಳಿದರು. ಇಳಿದ ಮೇಲೆ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, “ಇಷ್ಟು ತುಳಿದಿದ್ರೆ ಅರ್ಧ ದಾರಿ ಮನೆ ಸೇರ್ತಿದ್ದೆ ಕಣಮ್ಮಾ” ಎಂದರು. ಕೋಪ ಇರಲಿಲ್ಲ. ನನ್ನ ಬಗ್ಗೆ ಸ್ವಲ್ಪ ಮರುಕ ಇತ್ತು.

ಮುಳಬಾಗಿಲಿನ ಒಬ್ಬ ಹೆಡ್‌ಮಾಸ್ಟರಿಗೆ ಸಕ್ಕರೆ ಕಾಯಿಲೆ. ಡಾಕ್ಟರ ಮೊದಲ ಸಲಹೆಯ ಪ್ರಕಾರ ಅವರು ಗೇರಿನ ಸೈಕಲ್ ಕೊಂಡು ದಿನಾ ಬೆಳಿಗ್ಗೆ ಆವನಿಯವರೆಗೆ ಹೋಗಿಬರತೊಡಗಿದರು. ಎರಡು ತಿಂಗಳಿಗೆ ಮಂಡಿ ಊದಿಸಿಕೊಂಡು ಬಂದರು. ವಿಚಾರಿಸಿದರೆ, ಕೊಂಡ ದಿನದಿಂದ ಗೇರನ್ನು ಮುಟ್ಟೇ ಇಲ್ಲ. ಏರಿನಲ್ಲೂ ಅತಿ ಬಿಗಿಯಾದ ಗೇರಿನಲ್ಲೇ ತುಳಿದಿದ್ದಾರೆ.

“ಯಾಕೆ ಸರ್ ಬದಲಾಯಿಸಲಿಲ್ಲ?”

“ಸುಮ್ನೆ ಯಾಕೆ ಸವೆಸೋದು? ಒಳ್ಳೇ ಗೇರು.”

ಎರಡನೆಯ ಸಲಹೆಯ ಪ್ರಕಾರ ಡಾಕ್ಟರು ಅವರ ಸೈಕಲ್ ಬಿಡಿಸಿದರು. ಗೇರು ಹೊಸದಾಗಿಯೇ ಉಳಿಯಿತು.

ಮಾಲೂರಿನಲ್ಲಿ ನನಗೆ ಸ್ವಲ್ಪ ಬುದ್ಧಿ ಬಂತು. ಗುಲಾಬಿ ಬೆಳೆಯುವವರೊಬ್ಬರಿಗೆ ಬಲ ಭುಜ ಹಿಡಿದುಕೊಂಡಿತ್ತು. ಆರು ವಾರ ವ್ಯಾಯಾಮ ಮಾಡಿಸಿದೆ. ಭುಜ ಒಂದಿಷ್ಟೂ ಬಿಡಲಿಲ್ಲ. ಏಳನೆಯ ವಾರ ಅವರು ಮರೆತ ಎಕ್ಸ್‌ರೇ ಲಕೋಟೆ ಕೊಡಲು ಬೀದಿಗೆ ಓಡಿದಾಗ ನೋಡಿದೆ: ಎಡಗೈಯಲ್ಲಿ ಹ್ಯಾಂಡಲು, ಬಲಗೈ ಬೆನ್ನ ಹಿಂದೆ ತಿರುಚಿಕೊಂಡು ಕ್ಯಾರಿಯರಿನ ಮೇಲಿನ ಹೂವಿನ ಮೂಟೆಯನ್ನು ಹಿಡಿದಿದೆ. ಹಾಗೇ ಹನ್ನೊಂದು ಕಿಲೋಮೀಟರ್, ದಿನಾ. ಹಳೇ ಟ್ಯೂಬಿನ ಪಟ್ಟಿಯಿಂದ ಮೂಟೆ ಕಟ್ಟಿಸಿದೆ. ತಿಂಗಳೊಳಗೆ ಭುಜ ಬಿಟ್ಟಿತು. ಆರು ವಾರ ನಾನು ಅವರನ್ನು ‘ಮನೆಯಲ್ಲಿ ವ್ಯಾಯಾಮ ಮಾಡುತ್ತಿಲ್ಲ’ ಎಂದು ಬೈದಿದ್ದೆ. ಅವರು ಮಾಡುತ್ತಿದ್ದರಂತೆ.

ಇಷ್ಟಾದ ಮೇಲಾದರೂ ಬಾಯಿ ಮುಚ್ಚಿಕೊಂಡು ಕಣ್ಣು ತೆರೆದಿರಬೇಕಿತ್ತು. ಆದರೆ ಆ ಹೊತ್ತಿಗೆ ನನಗೆ ಸೀಟಿನ ಹುಚ್ಚು ಹಿಡಿಯಿತು.

ಹಿಡಿಸಿದವರು ಬೆಂಗಳೂರಿನಿಂದ ಭಾನುವಾರ ಹೆದ್ದಾರಿಯಲ್ಲಿ ಸೈಕಲ್ ತುಳಿದು ಕೋಲಾರಕ್ಕೆ ತಿಂಡಿಗೆ ಬರುವ ಗುಂಪಿನವರು. ಒಬ್ಬರಿಗೆ ಕೈಬೆರಳು ಜೋಮು ಹಿಡಿದು, ಆಸ್ಪತ್ರೆ ತೆರೆದಿದ್ದ ಕಾರಣ ಒಳಗೆ ಬಂದರು. ಮೈಗಂಟಿದ ಉಡುಪು, ಬಾಳೆಕಾಯಿಯಂಥ ಹೆಲ್ಮೆಟ್ಟು. ಕಾಯುತ್ತಿದ್ದ ಅಜ್ಜಿಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗೋಡೆ ಕಡೆ ತಿರುಗಿದರು. ಆದರೆ ಆ ಮನುಷ್ಯನಿಗೆ ಸೈಕಲ್ ಬಗ್ಗೆ ಗೊತ್ತಿತ್ತು. ಹ್ಯಾಂಡಲ್ ಎಷ್ಟು ಎತ್ತರ, ಸೀಟು ಎಷ್ಟು ಹಿಂದೆ, ಪೆಡಲ್ ಕೆಳಗಿದ್ದಾಗ ಮಂಡಿ ಎಷ್ಟು ಬಾಗಿರಬೇಕು ಎಂದು ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಪುಸ್ತಕ ತರಿಸಿ ಓದಿದೆ. ಸಾರಾಂಶ ಸರಳ: ಸೀಟು ತಗ್ಗಿದ್ದರೆ ಮಂಡಿ ವಿಪರೀತ ಮಡಚುತ್ತದೆ, ಚಿಪ್ಪಿನ ಮೇಲೆ ಭಾರ ಬೀಳುತ್ತದೆ, ನೋವು ಬರುತ್ತದೆ. ಸೀಟು ಎತ್ತಿ, ನೋವು ಇಳಿಯುತ್ತದೆ.

ನಮ್ಮ ನಾಲ್ಕು ತಾಲ್ಲೂಕುಗಳ ಸೈಕಲ್ ಸೀಟುಗಳನ್ನು ಆಗ ನಾನು ಮೊದಲ ಬಾರಿಗೆ ಗಮನಿಸಿ ನೋಡಿದೆ. ಒಂದೂ ಸರಿಯಿಲ್ಲ. ಎಲ್ಲವೂ ತಳಕ್ಕಂಟಿದ್ದವು. ಆರಡಿ ಗಂಡಸರು ಮಂಡಿಯಿಂದ ಎದೆ ತಟ್ಟಿಕೊಂಡು ತುಳಿಯುತ್ತಿದ್ದರು. ಅಷ್ಟೊಂದು ಮಂಡಿ ನೋವಿಗೆ ಒಂದೇ ಸ್ಪ್ಯಾನರಿನಲ್ಲಿ ಪರಿಹಾರ! ಬ್ಯಾಗಿನಲ್ಲಿ ಹದಿಮೂರು ನಂಬರಿನ ಸ್ಪ್ಯಾನರ್, ಅಳತೆ ಟೇಪು, ಕೋನ ಅಳೆಯುವ ಪಟ್ಟಿ ಇಟ್ಟುಕೊಂಡೆ. ಕ್ಯಾಂಪಿಗೆ ಬಂದವರ ಸೈಕಲ್ಲುಗಳನ್ನು ಅಂಗಳದಲ್ಲಿ ನಿಲ್ಲಿಸಿ ಸೀಟು ಎತ್ತಿಸಿದೆ. ಯಾರೂ ಬೇಡ ಅನ್ನಲಿಲ್ಲ. “ಆಯ್ತು ಮೇಡಮ್”, “ಹಂಗೇ ಆಗ್ಲಿ ಮೇಡಮ್.” ನೋಟ್‌ಬುಕ್ಕಿನಲ್ಲಿ ಹೆಸರು, ಹಳೆಯ ಎತ್ತರ, ಹೊಸ ಎತ್ತರ ಬರೆದಿಟ್ಟೆ. ಆ ನೋಟ್‌ಬುಕ್ಕಿನಷ್ಟು ಅಚ್ಚುಕಟ್ಟಾದ ದಡ್ಡತನವನ್ನು ನಾನು ಬೇರೆಲ್ಲೂ ನೋಡಿಲ್ಲ.

ಶ್ರೀನಿವಾಸಪುರದಲ್ಲಿ ಕ್ಯಾಂಪಿನ ಪಕ್ಕದ ಬೀದಿಯಲ್ಲಿ ಬಾಷಾ ಭಾಯ್ ಅವರ ಸೈಕಲ್ ರಿಪೇರಿ ಅಂಗಡಿ. ಒಂದು ಗುರುವಾರ ಸಂಜೆ ಬಸ್ಸಿಗೆ ಹೋಗುವಾಗ ಅವರೇ ಕರೆದರು.

“ಮೇಡಮ್, ನೀವು ಗುರುವಾರ ಮಾತ್ರ ಬರೋದಾ?”

“ಹೌದು. ಯಾಕೆ?”

“ಗುರುವಾರ ನಂಗೆ ಕೆಲಸ ಜಾಸ್ತಿ. ನೀವು ಬೆಳಿಗ್ಗೆಯಿಂದ ಸೀಟು ಎತ್ತುತೀರಾ, ನಾನು ಮಧ್ಯಾಹ್ನದಿಂದ ಇಳಿಸ್ತೀನಿ.”

“ಯಾಕೆ ಇಳಿಸ್ತೀರಿ? ಅವರ ಮಂಡಿ ಹಾಳಾಗುತ್ತೆ.”

“ಅವರು ಇಳಿಸು ಅಂತಾರೆ, ಇಳಿಸ್ತೀನಿ. ಯಾಕೆ ಅಂತ ಅವರನ್ನೇ ಕೇಳಿ ಮೇಡಮ್. ನಿಮ್ಮ ಮುಂದೆ ಹೇಳೋಕೆ ಮರ್ಯಾದೆ ಅವರಿಗೆ.”

ನಾನು ಕೇಳಲಿಲ್ಲ. ಜನಕ್ಕೆ ಅಭ್ಯಾಸ ಬಿಡುವುದು ಕಷ್ಟ ಎಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಸಾಲು ಬರೆದು ಬಸ್ಸು ಹತ್ತಿದೆ. ಇಬ್ಬರೂ ಇದನ್ನು ನೆನಪಿಡಿ: ರೋಗಿ ‘ಆಯ್ತು ಮೇಡಮ್’ ಎಂದರೆ ಆಯ್ತು ಎಂದಲ್ಲ. ನಿಮ್ಮ ಜೊತೆ ವಾದ ಮಾಡುವಷ್ಟು ಹೊತ್ತು ಅವರಿಗಿಲ್ಲ, ಅಷ್ಟೆ.

ನಿಜವಾಗಿ ಪಾಲಿಸಿದವರು ಒಬ್ಬರೇ. ಮುನಿರತ್ನಮ್ಮ.

ನರಸಾಪುರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಆಕೆ ಕಾಂಟ್ರಾಕ್ಟ್ ಕೆಲಸದಲ್ಲಿದ್ದರು. ನಲವತ್ತರ ಆಸುಪಾಸು, ಎಂಟು ಗಂಟೆ ನಿಂತೇ ಮಾಡುವ ಕೆಲಸ. ಕಂಪನಿ ಬಸ್ಸು ಅವರ ಹಳ್ಳಿಗೆ ಬರುತ್ತಿರಲಿಲ್ಲ. ಅದು ನಿಲ್ಲುವ ಸರ್ಕಲ್ಲಿಗೆ ನಾಲ್ಕು ಕಿಲೋಮೀಟರ್ ನಡೆಯಬೇಕು. ಕಾರ್ಖಾನೆಗೆ ನೇರ ದಾರಿ ಆರು ಕಿಲೋಮೀಟರ್. ಹಾಗಾಗಿ, ಮಗಳಿಗೆ ಹೈಸ್ಕೂಲಿನಲ್ಲಿ ಸರ್ಕಾರ ಕೊಟ್ಟಿದ್ದ ಸೈಕಲ್ಲನ್ನು ಅವರು ತುಳಿಯುತ್ತಿದ್ದರು. ಮಗಳು ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಿದ್ದಳು.

“ಮನೆಯವರ ಬೈಕ್ ಇಲ್ವಾ?” ಎಂದು ಕೇಳಿದ್ದೆ.

“ಐತೆ ಮೇಡಮ್. ಅವರ ಜೊತೆ ಹೋಗ್ತದೆ, ಅವರ ಜೊತೆ ಬರ್ತದೆ.”

ಹದಿಮೂರು ವರ್ಷದ ಹುಡುಗಿಯ ಎತ್ತರಕ್ಕಿದ್ದ ಸೀಟು, ಅದರ ಮೇಲೆ ನಿಂತು ನಿಂತು ದಣಿದ ನಲವತ್ತರ ಮಂಡಿ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದರು. ಎರಡನೆಯ ಸಲಹೆಯನ್ನು ಡಾಕ್ಟರು ಆಗಲೇ ಕೊಟ್ಟಿದ್ದರು. ಮುನಿರತ್ನಮ್ಮ ನನ್ನ ಮೇಜಿಗೆ ಬಂದು ಕುಳಿತು, “ಸೈಕಲ್ ಬಿಟ್ರೆ ಕೆಲಸ ಬಿಟ್ಟಂಗೆ ಮೇಡಮ್. ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳಿ, ಮಾಡ್ತೀನಿ” ಎಂದರು.

ನಾನು ಸೀಟು ಎತ್ತಿದೆ. ತೊಡೆಗೆ ನಾಲ್ಕು ವ್ಯಾಯಾಮ ಹೇಳಿಕೊಟ್ಟೆ. ಮೂರು ವಾರಕ್ಕೆ ಮಂಡಿ ನೋವು ಅರ್ಧಕ್ಕಿಳಿಯಿತು. ಐದನೆಯ ವಾರ ಗೋಡೆ ಹಿಡಿಯದೆ ಮೆಟ್ಟಿಲು ಇಳಿದು ತೋರಿಸಿದರು. ಆರನೆಯ ವಾರ ಎಡಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟು ಬಂದರು. ಚಿಕಿತ್ಸೆ ಗೆದ್ದಿತ್ತು, ರೋಗಿ ಬಿದ್ದಿದ್ದರು.

ಹಿಂದಿನಿಂದ ಬಸ್ಸು ಹಾರ್ನ್ ಹೊಡೆದಿದೆ. ಇವರು ಎಂದಿನಂತೆ ಟಾರಿನಿಂದ ಮಣ್ಣಿಗೆ ಇಳಿದಿದ್ದಾರೆ.

“ಇಳಿದೆ ಮೇಡಮ್. ಕಾಲು ಕೊಟ್ಟೆ. ನೆಲ ಸಿಗಲಿಲ್ಲ.”

ಅರ್ಥವಾಗಲು ನನಗೆ ಅಷ್ಟು ಸಾಕಾಯಿತು. ಟಾರು ಮೇಲಿದೆ, ಪಕ್ಕದ ಮಣ್ಣು ಕೆಳಗಿದೆ. ಸೈಕಲ್ಲಿನವರು ದಿನಕ್ಕೆ ಇಪ್ಪತ್ತು ಸಲ ಆ ಅಂಚಿನಿಂದ ಹಾರಿ ಇಳಿಯಬೇಕು. ಇಳಿದಾಗ ಕಾಲು ತಟ್ಟನೆ ನೆಲಕ್ಕೆ ಸಿಗಬೇಕು. ಸೀಟುಗಳೆಲ್ಲ ಯಾಕೆ ತಳಕ್ಕಂಟಿವೆ ಎಂಬುದು ನಾಲ್ಕು ತಾಲ್ಲೂಕಿನ ಸೈಕಲ್ಲಿನವರಿಗೆಲ್ಲ ಗೊತ್ತಿತ್ತು. ಮಂಡಿ ನೋವು ಅವರು ತಿಳಿದೇ ಕೊಟ್ಟ ಬೆಲೆ. ಗೊತ್ತಿಲ್ಲದಿದ್ದವಳು ಸ್ಪ್ಯಾನರ್ ಹಿಡಿದ ನಾನೊಬ್ಬಳೇ.

“ಒಂದು ಇಂಚೂ ಇಳಿಸಿಲ್ಲ ಮೇಡಮ್. ನೀವು ಇಟ್ಟ ಹಂಗೇ ಇಟ್ಕೊಂಡಿದ್ದೆ” ಎಂದು ಅವರು ಸೇರಿಸಿದರು. ದೂರಿನ ದನಿಯಲ್ಲ. ಹೇಳಿದ ಮಾತು ನಡೆಸಿಕೊಟ್ಟವರ ಹೆಮ್ಮೆ. ನನಗೆ ಯಾರಾದರೂ ಗಟ್ಟಿಯಾಗಿ ಬೈದಿದ್ದರೆ ಸುಲಭವಾಗುತ್ತಿತ್ತು. ನಾನು ಬ್ಯಾಂಡೇಜಿನ ಗಂಟನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಸರಿಮಾಡಿದೆ.

ಆರು ವಾರ ಕೈಗೆ ಪ್ಲಾಸ್ಟರ್ ಹಾಕಿದ್ದೆವು. ಕಾಂಟ್ರಾಕ್ಟರ್ ಅಷ್ಟು ದಿನ ಜಾಗ ಹಿಡಿದಿಟ್ಟಿದ್ದೇ ದೊಡ್ಡದು. ಪ್ಲಾಸ್ಟರ್ ಬಿಚ್ಚಿದ ಮೇಲೆ ಫೋನ್ ಬಂತು: ಮುಂದಿನ ಬುಧವಾರದ ಎರಡನೇ ಶಿಫ್ಟಿಗೆ ಡಾಕ್ಟರ ಪತ್ರದೊಂದಿಗೆ ಬಂದರೆ ಸರಿ, ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ಹಾಕುತ್ತಾರೆ.

ಪತ್ರವನ್ನು ಡಾಕ್ಟರ್ ಶ್ರೀಪತಿ ಸೋಮವಾರವೇ ಟೈಪ್ ಮಾಡಿಸಿದರು. ‘ಕೆಲಸಕ್ಕೆ ಯೋಗ್ಯರು. ಸೈಕಲ್ ಪ್ರಯಾಣ ಮಾಡತಕ್ಕದ್ದಲ್ಲ.’ ಎರಡನೆಯ ವಾಕ್ಯ ಇದ್ದರೆ ಕಾರ್ಖಾನೆಯ ಗೇಟಿನಲ್ಲಿ ಆಕೆಯ ಸೈಕಲ್ಲನ್ನು ಒಳಗೆ ಬಿಡುವುದಿಲ್ಲ. ನಾಳೆ ಬಿದ್ದರೆ ಹೊಣೆ ಯಾರದು ಎನ್ನುತ್ತಾರೆ. ಮೊದಲ ವಾಕ್ಯ ಕೆಲಸ ಕೊಡುತ್ತಿತ್ತು, ಎರಡನೆಯದು ಅದನ್ನು ವಾಪಸ್ಸು ತೆಗೆದುಕೊಳ್ಳುತ್ತಿತ್ತು. ನಾನು ಒಳಗೆ ಹೋದೆ.

“ಸರ್, ಎರಡನೇ ಸಾಲು ತೆಗೆಯಬಹುದಾ?”

“ಮತ್ತೆ ಬೀಳಲಿ ಅಂತಾನಾ?”

“ಬಿದ್ದದ್ದು ನನ್ನಿಂದ. ಸೀಟು ಎತ್ತಿಸಿದ್ದು ನಾನು.”

“ನಿನ್ನ ಸೀಟಿನ ಕಥೆ ಬಿಡಮ್ಮ. ಹಾರ್ನ್ ಕೇಳಿದಾಗ ನಿಧಾನಕ್ಕೆ ಪಕ್ಕಕ್ಕೆ ಇಳಿದು ನಿಂತ್ಕೊಂಡ್ರೆ ಯಾರು ಬೀಳ್ತಾರೆ? ಗಡಿಬಿಡಿ ಮಾಡ್ತಾರೆ ಇವರು. ರಸ್ತೆ ಪಕ್ಕ ಅಷ್ಟು ಜಾಗ ಇರ್ತದೆ.”

ಅವರು ಆ ಜಾಗವನ್ನು ಕಾರಿನ ಕಿಟಕಿಯಿಂದ ಮಾತ್ರ ನೋಡಿದ್ದರು. ನಾನು ಬಸ್ಸಿನ ಕಿಟಕಿಯಿಂದ. ವಾದ ಮಾಡಲು ನನ್ನ ಕೈಯಲ್ಲೂ ಏನಿರಲಿಲ್ಲ. ಬುಧವಾರದ ಕ್ಯಾಂಪಿಗೆ ಅವರ ಕಾರಿನಲ್ಲೇ ಹೋಗುವ ರೂಢಿ. “ಈ ಬುಧವಾರ ನಾನೇ ಬರುತ್ತೇನೆ ಸರ್” ಎಂದಷ್ಟೇ ಹೇಳಿದೆ.

ಬುಧವಾರ ಮೊದಲ ಬಸ್ಸಿಗೆ ಹೊರಟು ಮುನಿರತ್ನಮ್ಮನ ಹಳ್ಳಿಗೆ ಹೋದೆ. ಅಂಗಳದಲ್ಲಿ ಅದೇ ಸೈಕಲ್, ಆರು ವಾರದ ದೂಳಿನೊಂದಿಗೆ, ನಾನು ಇಟ್ಟ ಎತ್ತರದಲ್ಲೇ ಸೀಟು.

“ನಿಮ್ಮ ದಾರಿಯಲ್ಲಿ ನಾನು ಒಂದು ಸಲ ತುಳಿದು ನೋಡಬೇಕು” ಎಂದೆ.

“ಮೇಡಮ್ಮಿಗೆ ಬರ್ತದಾ?”

“ಹೈಸ್ಕೂಲಿನಲ್ಲಿ ಬರ್ತಿತ್ತು.”

“ಅಯ್ಯೋ ದೇವ್ರೇ” ಎಂದರು ಮುನಿರತ್ನಮ್ಮ. ಒಂಬತ್ತೂವರೆಗೆ ಬರುವ ಹಾಲಿನ ಆಟೋದಲ್ಲಿ ಕ್ಯಾನುಗಳ ನಡುವೆ ಕುಳಿತು ಅವರು ನನ್ನ ಹಿಂದೆಯೇ ಬರುವುದೆಂದು ತೀರ್ಮಾನವಾಯಿತು. ಶಿಫ್ಟಿನ ಹೊತ್ತಿಗೆ ಆ ಆಟೋ ಸಿಗುವುದಿಲ್ಲ. ನನ್ನಂಥ ನೋಡುಗರಿಗೆ ಮಾತ್ರ ಅನುಕೂಲ.

ಮೊದಲ ಒಂದು ಕಿಲೋಮೀಟರ್ ಹಿಪ್ಪುನೇರಳೆ ತೋಟಗಳ ನಡುವೆ ಚೆನ್ನಾಗಿತ್ತು. ದೊಡ್ಡ ರಸ್ತೆಗೆ ಬಂದ ಮೇಲೆ ಏಳು ಕಡೆ ಇಳಿದು ಟಾರಿನ ಅಂಚಿನ ಆಳ ಅಳೆದೆ. ಕೆಲವೆಡೆ ನಾಲ್ಕು ಬೆರಳು, ಎರಡು ಕಡೆ ಒಂದು ಗೇಣು. ಪ್ರತಿ ಸಲ ನಾನು ಟೇಪು ತೆಗೆದಾಗ ಹಿಂದೆ ಆಟೋ ನಿಲ್ಲುತ್ತಿತ್ತು, ಹಾಲಿನವರು ಬೀಡಿ ಹಚ್ಚುತ್ತಿದ್ದರು. “ಏಮಕ್ಕಾ, ರೋಡ್ ಅಗಲ ಮಾಡೋಕೆ ಬಂದೋರಾ ಇವರು?” ಎಂದು ಅವರು ಕೇಳಿದ್ದು, “ಇಲ್ಲ ಕಣಣ್ಣ, ನಮ್ಮ ಮಂಡಿ ಮೇಡಮ್ಮು” ಎಂದು ಮುನಿರತ್ನಮ್ಮ ಹೇಳಿದ್ದು ನನಗೆ ಕೇಳಿಸಿತು.

ಎಂಟನೆಯದನ್ನು ಅಳೆಯುವ ಅಗತ್ಯ ಬೀಳಲಿಲ್ಲ. ನಾನು ಅಂಚಿಗೆ ಅಂಟಿಕೊಂಡು ಹೋಗುತ್ತಿದ್ದೆ. ಹಿಂದಿನಿಂದ ಹಾರ್ನ್ ಬಂತು. ಬಿಡದೆ ಹೊಡೆಯುವ, ‘ನಾನು ಬರುತ್ತಿದ್ದೇನೆ, ನೀನು ಇರಬೇಡ’ ಎನ್ನುವ ಹಾರ್ನು. ಅದು ಎಷ್ಟು ಹತ್ತಿರವಿದೆ ಎಂದು ಬೆನ್ನಿಗೆ ತಿಳಿಯುವುದಿಲ್ಲ ಎಂಬುದನ್ನು ಯಾವ ಪುಸ್ತಕವೂ ಹೇಳಿರಲಿಲ್ಲ. ಮುಂದಿನ ಚಕ್ರ ತಾನಾಗಿ ಎಡಕ್ಕೆ ತಿರುಗಿತು, ಸೈಕಲ್ ಅಂಚಿನಿಂದ ಕೆಳಗೆ ಧುಮುಕಿತು. ನಾನು ಎಡಗಾಲು ಕೊಟ್ಟೆ. ನೆಲ ಇರಲಿಲ್ಲ. ಪುಸ್ತಕದ ಪ್ರಕಾರ ಅತ್ಯಂತ ಸರಿಯಾದ ಎತ್ತರದಿಂದ ನಾನು ಬಿದ್ದೆ.

ರೇಟು ಬಿದ್ದಿದೆಯೆಂದು ಯಾರೋ ರಸ್ತೆ ಬದಿ ಟೊಮ್ಯಾಟೊ ಸುರಿದುಹೋಗಿದ್ದರು. ಮೂಳೆ ಉಳಿದದ್ದು ಅದರಿಂದ. ಮುಖ ಎತ್ತಿದಾಗ ಹಾದುಹೋಗುತ್ತಿದ್ದ ಬಿಳಿ ಕಾರಿನ ಹಿಂದಿನ ಗಾಜು ಕಂಡಿತು. ಅದರ ಮೇಲಿನ ಕೆಂಪು ಪ್ಲಸ್ ಗುರುತಿನ ಸ್ಟಿಕ್ಕರನ್ನು ನಾನೇ ಅಂಟಿಸಿದ್ದೆ. ಡಾಕ್ಟರು ಯಾವತ್ತೂ ತಾವೇ ಓಡಿಸುವುದು.

ಮುನಿರತ್ನಮ್ಮ ಆಟೋದಿಂದ ಇಳಿದು ಓಡಿಬಂದರು. ನನಗೆ ಏಟಾಗಿಲ್ಲವೆಂದು ಖಾತ್ರಿಯಾದ ಮೇಲೆ ನಗತೊಡಗಿದರು. ಒಂದು ಕ್ಯಾನಿನ ಮೇಲೆ ಕುಳಿತು, ಪ್ಲಾಸ್ಟರ್ ಬಿಚ್ಚಿದ ಕೈಯಿಂದ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಮೇಡಮ್, ನೀವು ಅಂಚಿಗೆ ಅಂಟ್ಕೊಂಡ್ರಲ್ಲ. ಅಂಟ್ಕೊಂಡೋರಿಗೇ ಹಾರ್ನ್ ಜಾಸ್ತಿ. ಇವರು ಹೆಂಗೂ ಇಳೀತಾರೆ ಅಂತ ಗೊತ್ತಾಗ್ಬಿಡ್ತದೆ ಅವರಿಗೆ.”

“ನೀವೂ ಅಂಚಿನಲ್ಲೇ ತಾನೆ ಹೋಗುತ್ತಿದ್ದದ್ದು?”

“ಹೂಂ. ಆರು ವಾರ ಮನೇಲಿ ಕೂತು ಅದನ್ನೇ ಯೋಚನೆ ಮಾಡಿದೀನಿ.”

ಬ್ಯಾಗಿನಿಂದ ಸ್ಪ್ಯಾನರ್ ತೆಗೆದೆ. ಇಳಿಸಲು ಹೊರಟವಳು ನಿಲ್ಲಿಸಿ, ಸೀಟು ಎತ್ತಿಸತೊಡಗಿದ ಮೂರು ವರ್ಷದಲ್ಲಿ ಯಾರನ್ನೂ ಕೇಳದ ಪ್ರಶ್ನೆ ಕೇಳಿದೆ. “ಎಷ್ಟಕ್ಕೆ ಇಡೋಣ?”

ಅವರು ಸ್ಪ್ಯಾನರನ್ನು ನನ್ನ ಕೈಯಿಂದ ತೆಗೆದುಕೊಂಡರು. ಸೈಕಲ್ಲನ್ನು ಟಾರಿನ ಅಂಚಿಗೇ ನಿಲ್ಲಿಸಿ, ಹತ್ತಿ ಕುಳಿತು, ಎಡಗಾಲನ್ನು ಮಣ್ಣಿಗೆ ಚಾಚಿ ನೋಡಿದರು. “ಎರಡು ಕಾಲೂ ಬೇಡ. ಇಳಿಯೋದು ಎಡಕ್ಕೇ ತಾನೆ? ಎಡಗಾಲು ತುದಿ ಸಿಕ್ಕಿದ್ರೆ ಸಾಕು.” ಹೇಳಿ ಬೋಲ್ಟು ಸಡಿಲಿಸಿ, ಕುಳಿತು, ಮತ್ತೆ ಸಡಿಲಿಸಿ, ಒಂದು ಎತ್ತರಕ್ಕೆ ಬಿಗಿದರು. ನಾನು ಟೇಪು ಹಿಡಿದೆ. ಪುಸ್ತಕದ ಅಳತೆಗಿಂತ ಬರೀ ಮೂರು ಬೆರಳು ಕೆಳಗೆ. ಮಗಳ ಕಾಲದ ಎತ್ತರಕ್ಕಿಂತ ನಾಲ್ಕು ಬೆರಳು ಮೇಲೆ. ಮಂಡಿಗೂ ಆಗುತ್ತದೆ, ನೆಲಕ್ಕೂ ಆಗುತ್ತದೆ. ನಾನು ಅಷ್ಟೊಂದು ಪುಟ ಬರೆದೂ ಕಂಡುಹಿಡಿಯದ ಲೆಕ್ಕವನ್ನು ಅವರು ಐದು ನಿಮಿಷದಲ್ಲಿ ಮುಗಿಸಿದರು. ಆಟೋದವರು ಎರಡನೇ ಬೀಡಿ ಮುಗಿಸುವ ಮೊದಲೇ.

ಕ್ಯಾಂಪು ನಡೆಯುತ್ತಿದ್ದದ್ದು ಕಾರ್ಖಾನೆ ಗೇಟಿನ ಎದುರಿಗಿದ್ದ ಒಂದು ಸಭಾಂಗಣದಲ್ಲಿ. ನಾವು ತಲುಪಿದಾಗ ಡಾಕ್ಟರು ಆಗಲೇ ಕುಳಿತು ರೋಗಿಗಳನ್ನು ನೋಡುತ್ತಿದ್ದರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

“ಏನಮ್ಮಾ ಇದು, ರಕ್ತಾನಾ?”

“ಟೊಮ್ಯಾಟೊ ಸರ್.”

“ಎಲ್ಲಿ ಬಿದ್ದೆ?”

“ನಿಮ್ಮ ಕಾರಿನ ಎಡಗಡೆ.”

ಸಾಲಿನಲ್ಲಿ ಕುಳಿತಿದ್ದವರು ಇತ್ತ ತಿರುಗಿದರು. ಡಾಕ್ಟರು ಪೆನ್ನು ಕೆಳಗಿಟ್ಟರು.

“ಅದು ನೀನಾ? ನಾನು ಹಾರ್ನ್ ಹೊಡೆದೆನಲ್ಲ.”

“ಹೊಡೆದಿರಿ ಸರ್. ನೀವು ಹೇಳಿದ ಹಾಗೆ ಪಕ್ಕಕ್ಕೆ ಇಳಿದೆ.” ಏಳು ಅಳತೆ ಬರೆದಿದ್ದ ಪುಟವನ್ನು ಅವರ ಮುಂದಿಟ್ಟೆ. “ನಿಧಾನಕ್ಕೆ ಇಳಿದು ನಿಲ್ಲೋ ಜಾಗ ಇದು.”

ಅವರು ಬಹಳ ಹೊತ್ತು ಓದಿದರು. ಏಳೇ ಸಾಲು, ಅಷ್ಟು ಹೊತ್ತು ಬೇಕಿರಲಿಲ್ಲ. ಆಮೇಲೆ ಮುನಿರತ್ನಮ್ಮನ ಕಡೆ ತಿರುಗಿದರು.

“ಅವತ್ತು ನಿಮಗೆ ಹಾರ್ನ್ ಹೊಡೆದಿದ್ದು ಬಸ್ಸೇ ತಾನೆ?”

“ಬಸ್ಸೇ ಸಾರ್. ನೀವಲ್ಲ, ಹೆದರಬೇಡಿ.”

ಸಾಲಿನಲ್ಲಿ ಯಾರೋ ನಕ್ಕರು. ಡಾಕ್ಟರು ಪತ್ರ ತೆಗೆದು ಎರಡನೆಯ ಸಾಲಿನ ಮೇಲೆ ಗೆರೆ ಎಳೆದರು. ಗೆರೆಯ ಪಕ್ಕ ಪುಟ್ಟ ಸಹಿ, ಕೆಳಗೆ ಮೊಹರು. ಅಷ್ಟಕ್ಕೇ ಬಿಡದೆ, ಗಂಟಲು ಸರಿಮಾಡಿಕೊಂಡು ಹೇಳಿದರು: “ಸೈಕಲ್ ಹೊಡೀರಿ. ಆದರೆ ರಸ್ತೆ ಬಿಟ್ಟು ಇಳೀಬೇಡಿ.” ನಾನು ಮೊದಲೇ ಹೇಳಿದ ಮೂರನೆಯ ಸಲಹೆ ಅದು. ರೋಗಿ ಅದನ್ನು ಆಗಲೇ ಕಂಡುಕೊಂಡಿದ್ದರೆಂದು ಅವರಿಗೆ ಗೊತ್ತಿರಲಿಲ್ಲ. ನಾವು ಹೇಳಲೂ ಇಲ್ಲ.

ಬೆಳಗಿನ ಗದ್ದಲ ಇಳಿದು ನನಗೆ ಬಿಡುವಾಗುವಷ್ಟರಲ್ಲಿ ಒಂದೂವರೆ ಆಗಿತ್ತು. ಎರಡು ಗಂಟೆಗೆ ಶಿಫ್ಟು. ಮುನಿರತ್ನಮ್ಮ ಪತ್ರವನ್ನು ಊಟದ ಡಬ್ಬಿಯ ಕೆಳಗೆ ಮಡಚಿಟ್ಟುಕೊಂಡರು. ಗೇಟು ಎದುರಿಗೇ ಇದ್ದರೂ ರಸ್ತೆಯ ನಡುವೆ ಡಿವೈಡರ್ ಕಟ್ಟೆ. ಎಡಕ್ಕೆ ಅರ್ಧ ಕಿಲೋಮೀಟರ್ ಹೋಗಿ ತಿರುಗಿಕೊಂಡು ಬರಬೇಕು. ಶಿಫ್ಟಿನ ಬಸ್ಸುಗಳು ಸಾಲಾಗಿ ಬರುತ್ತಿದ್ದ ಹೊತ್ತು. ನಾನು ಹೊರಗಿನ ನಲ್ಲಿಯಲ್ಲಿ ಕುರ್ತಾದ ತೋಳು ತೊಳೆಯುತ್ತಾ ನಿಂತಿದ್ದೆ.

ಅವರು ಟಾರಿನ ಅಂಚಿನಿಂದ ಒಂದು ಮಾರು ಒಳಗೇ ಸೈಕಲ್ ಹತ್ತಿದರು. ಇಪ್ಪತ್ತು ಗಜ ಹೋಗಿರಲಿಲ್ಲ, ಹಿಂದೆ ಒಂದು ಬಸ್ಸು ಬಂದು ಹಾರ್ನ್ ಹಿಡಿಯಿತು. ಅವರು ಇಳಿಯಲಿಲ್ಲ. ಅವಸರವನ್ನೂ ಮಾಡಲಿಲ್ಲ. ಮಂಡಿ ಸರಿಯಾದ ಮಟ್ಟಕ್ಕೆ ಮಡಚುತ್ತಿತ್ತು, ಬಿಚ್ಚುತ್ತಿತ್ತು. ಬಸ್ಸು ಹಿಂದೆ ಹಿಂದೆಯೇ ಕುಂಟುತ್ತಾ ಹೋಗಿ, ಬಲಗಡೆ ಜಾಗ ಸಿಕ್ಕಿದಾಗ ಪಕ್ಕಕ್ಕೆ ಬಂತು. ಒಳಗಿನಿಂದ ಕಂಡಕ್ಟರನಂಥ ಒಬ್ಬ ಬಾಗಿಲಿಗೆ ಜೋತುಬಿದ್ದು ತೆಲುಗಿನಲ್ಲಿ ಕೂಗಿದ.

“ಏಮ್ಮಾ, ರೋಡ್ಡು ನೀದಾ?”

ರಸ್ತೆ ನಿನ್ನದೇನು ಎಂದು ಕೇಳಿದವನ ಕಡೆ ಮುನಿರತ್ನಮ್ಮ ಕತ್ತು ತಿರುಗಿಸಲಿಲ್ಲ. ನಮ್ಮ ಸಾಲಿನ ಕೊನೆಯವರೆಗೂ ಕೇಳುವಂತೆ, ಅರ್ಧ ನನ್ನದು ಎಂದು ಅದೇ ತೆಲುಗಿನಲ್ಲಿ ಉತ್ತರ ಕೊಟ್ಟರು.

“ಸಗಂ ನಾದಿ.”

ಬಸ್ಸು ಮುಂದೆ ಹೋಯಿತು. ಅವರು ತಿರುವಿನಲ್ಲಿ ಕೈ ತೋರಿಸಿ, ತಿರುಗಿ, ಗೇಟಿನ ಬಳಿ ಇಳಿದು, ಕಾವಲಿನವನಿಗೆ ಪತ್ರ ಕೊಟ್ಟರು. ಅವನು ಓದಿ, ಸೈಕಲ್ಲಿಗೆ ದಾರಿ ಬಿಟ್ಟ.